ನೆಲವೇ ಏರಿಳಿಯುವ ಕೊಲ್ಲಿ

ಮನೆ ಕಟ್ಟಿಸಿದವರಿಗೆಲ್ಲ ‘ಪಿಪಿಸಿ’ ಎಂಬ ಮೂರಕ್ಷರ ಗೊತ್ತು. ಸಿಮೆಂಟಿನ ಚೀಲದ ಮೇಲೆ ಅಚ್ಚಾಗಿರುವ ಈ ಅಕ್ಷರಗಳ ವಿಸ್ತೃತ ರೂಪ ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟ್. ಪೋರ್ಟ್‌ಲ್ಯಾಂಡ್ ಎಂಬುದು ಇಂಗ್ಲೆಂಡಿನ ಕಡಲತಡಿಯ ಒಂದು ಜಾಗ. ಪೊಝೊಲಾನಾ ಎಂಬ ಮಾತು ಬಂದಿರುವುದು ಇಟಲಿಯ ನೇಪಲ್ಸ್ ನಗರಕ್ಕೆ ಅಂಟಿಕೊಂಡಂತಿರುವ ಪೊಝುವೊಲಿ ಎಂಬ ಊರಿನಿಂದ. ಆ ಊರಿನ ಹೆಸರು ಹೊತ್ತ ಚೀಲಗಳು ನಮ್ಮ ಹಳ್ಳಿಗಳಲ್ಲೂ ಲಾರಿಯಿಂದ ಇಳಿಯುತ್ತವೆ. ಊರು ಮಾತ್ರ ನಮಗೆ ಅಪರಿಚಿತ. ಗಟ್ಟಿತನಕ್ಕೆ ಜಗತ್ತಿಗೇ ಹೆಸರು ಕೊಟ್ಟ ಈ ಊರಿನ ನೆಲ ಎರಡು ಸಾವಿರ ವರ್ಷಗಳಿಂದ ಒಂದು ಮಟ್ಟದಲ್ಲಿ ನಿಂತದ್ದೇ ಇಲ್ಲ ಎಂಬುದು ವಿಚಿತ್ರವಾದರೂ ನಿಜ.

ನೇಪಲ್ಸ್ ಎಂದರೆ ಮೂಲ ಗ್ರೀಕಿನಲ್ಲಿ ‘ಹೊಸ ಊರು’. ಸುಮಾರು ಎರಡೂವರೆ ಸಾವಿರ ವರ್ಷ ಹಳೆಯದಾದ ಈ ಹೊಸ ಊರಿನ ಪ್ರಾಚೀನ ಕೇಂದ್ರಭಾಗವನ್ನು 1995ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನೇಪಲ್ಸಿಗೆ ಹೋದ ಪ್ರವಾಸಿಗರು ಸಾಮಾನ್ಯವಾಗಿ ಪೂರ್ವಕ್ಕೆ ತಿರುಗಿ ವೆಸುವಿಯಸ್ ಪರ್ವತವನ್ನೂ ಪೊಂಪೆಯನ್ನೂ ನೋಡಿ ಬರುತ್ತಾರೆ. ಪಶ್ಚಿಮಕ್ಕೆ ತಿರುಗುವವರು ಕಡಿಮೆ. ತಿರುಗಿದರೆ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯ ಹಾದಿ. ಪೊಸಿಲಿಪೊ ಗುಡ್ಡದ ಸುರಂಗ ದಾಟಿದರೆ ಪೊಝುವೊಲಿ ಕೊಲ್ಲಿ ಕಣ್ಣಿಗೆ ಬೀಳುತ್ತದೆ. ಎಡಕ್ಕೆ ಪೊಸಿಲಿಪೊ, ಬಲಕ್ಕೆ ಮಿಸೇನೊ ಭೂಶಿರ, ನಡುವೆ ಬಿದಿಗೆಯ ಚಂದ್ರನಂತೆ ಬಾಗಿದ ದಂಡೆ, ಆಚೆಗೆ ಪ್ರೊಚಿಡಾ, ಇಸ್ಕಿಯಾ ದ್ವೀಪಗಳು. ಇಷ್ಟು ದುಂಡಗೆ ಬಾಗಿದ ದಂಡೆಯನ್ನು ಅಲೆಗಳು ಕೊರೆದದ್ದಲ್ಲ. ಹನ್ನೆರಡು ಹದಿನೈದು ಕಿಲೋಮೀಟರ್ ಅಗಲದ ಒಂದು ಜ್ವಾಲಾಮುಖಿಯ ಬಾಯಿ ಕುಸಿದು, ಅದರ ದಕ್ಷಿಣದ ಪಾಲಿಗೆ ಸಮುದ್ರ ನುಗ್ಗಿದ್ದರಿಂದ ಆದ ಕೊಲ್ಲಿ ಇದು. ಈ ಪ್ರದೇಶಕ್ಕೆ ಕಾಂಪಿ ಫ್ಲೆಗ್ರೆ, ಎಂದರೆ ‘ಉರಿಯುವ ಬಯಲು’ ಎಂದು ಹೆಸರು.

ಪೊಝುವೊಲಿಯ ಬಂದರಿನ ಹತ್ತಿರ, ರಸ್ತೆಗಿಂತ ತಗ್ಗಿನಲ್ಲಿ, ಮೂರು ಅಮೃತಶಿಲೆಯ ಕಂಬಗಳು ನಿಂತಿವೆ. ಸುಮಾರು ನಲವತ್ತು ಅಡಿ ಎತ್ತರದ ಒಂಟಿ ಕಲ್ಲಿನ ಕಂಬಗಳು. 1750ರಲ್ಲಿ ಅಗೆಯುವಾಗ ಸೆರಾಪಿಸ್ ದೇವರ ಮೂರ್ತಿ ಸಿಕ್ಕಿದ್ದರಿಂದ ಇದನ್ನು ಸೆರಾಪಿಸ್ ದೇಗುಲವೆಂದು ಕರೆದರು. ಅದು ದೇಗುಲವಲ್ಲ, ರೋಮನರ ಕಾಲದ ಪೇಟೆಕಟ್ಟೆ ಎಂಬುದು ಆಮೇಲೆ ತಿಳಿಯಿತು. ಹೆಸರು ಮಾತ್ರ ಹಾಗೆಯೇ ಉಳಿದುಕೊಂಡಿತು. ಕಂಬಗಳಲ್ಲಿ ಗಮನಿಸಬೇಕಾದದ್ದು ಅವುಗಳ ಕೆತ್ತನೆಯಲ್ಲ, ಗಾಯ. ಬುಡದಿಂದ ಹನ್ನೆರಡು ಅಡಿಯವರೆಗೆ ಕಲ್ಲು ನುಣುಪಾಗಿದೆ. ಅಲ್ಲಿಂದ ಮೇಲಕ್ಕೆ ಒಂಬತ್ತು ಅಡಿಯಷ್ಟು ಪಟ್ಟಿಯಲ್ಲಿ ಗೆದ್ದಲು ಹಿಡಿದ ತೊಲೆಯಂತೆ ತೂತೋ ತೂತು. ಅದರ ಮೇಲೆ ಮತ್ತೆ ನುಣುಪು.

ಈ ತೂತುಗಳನ್ನು ಕೊರೆದದ್ದು ಸಮುದ್ರದಲ್ಲಿ ಮಾತ್ರ ಬದುಕುವ ಒಂದು ಚಿಪ್ಪಿನ ಜೀವಿ. ಮಂಗಳೂರು ಕಡೆಯವರು ಸುಕ್ಕ ಮಾಡಿ ತಿನ್ನುವ ಪಚ್ಚಿಲೆಯ ಕುಲಕ್ಕೇ ಸೇರಿದ್ದು. ಸುಣ್ಣದ ಕಲ್ಲನ್ನು ಕರಗಿಸಿ ಒಳಗೆ ಮನೆ ಮಾಡಿಕೊಳ್ಳುವುದು ಅದರ ಸ್ವಭಾವ. ಹಾಗಾದರೆ ನೆಲದ ಮೇಲೆ ನಿಂತಿರುವ ಕಂಬಕ್ಕೆ ಇಪ್ಪತ್ತು ಅಡಿ ಎತ್ತರದಲ್ಲಿ ಕಡಲಜೀವಿ ಹತ್ತಿದ್ದು ಹೇಗೆ? ಕಂಬಗಳು ಒಂದು ಕಾಲದಲ್ಲಿ ನೀರಿನಲ್ಲಿ ಮುಳುಗಿದ್ದವು, ಬುಡದ ಹನ್ನೆರಡು ಅಡಿ ಮಣ್ಣು ಬೂದಿಗಳಲ್ಲಿ ಹೂತಿದ್ದರಿಂದ ಅಲ್ಲಿಗೆ ಜೀವಿಗಳು ತಲುಪಲಿಲ್ಲ ಎನ್ನದೆ ಬೇರೆ ದಾರಿಯಿಲ್ಲ. ಇದು ಹತ್ತೊಂಬತ್ತನೆಯ ಶತಮಾನದ ಪಂಡಿತರ ದೊಡ್ಡ ಚರ್ಚೆಯ ವಿಷಯವಾಗಿತ್ತು. ಜರ್ಮನಿಯ ಮಹಾಕವಿ ಗಯಟೆ ಕೂಡ ಇದರಲ್ಲಿ ಕೈಹಾಕಿ, ಬೂದಿಯ ಒಡ್ಡಿನಿಂದ ಕಂಬಗಳ ಸುತ್ತ ಕೊಳವೊಂದು ಆಗಿದ್ದಿರಬೇಕು ಎಂದು ವಾದಿಸಿದ. ಕವಿಯ ಊಹೆ ಸೊಗಸಾಗಿತ್ತು, ಸರಿಯಾಗಿರಲಿಲ್ಲ.

1828ರಲ್ಲಿ ಇಲ್ಲಿಗೆ ಬಂದ ಸ್ಕಾಟಿಷ್ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್‌ನ ತರ್ಕ ಸರಳವಾದದ್ದು. ಸಮುದ್ರವೇ ಇಪ್ಪತ್ತು ಅಡಿ ಏರಿದ್ದರೆ ಮೆಡಿಟರೇನಿಯನ್ನಿನ ಸುತ್ತಲಿನ ಬಂದರುಗಳೆಲ್ಲ ಮುಳುಗಬೇಕಿತ್ತು. ಅವು ಮುಳುಗಿಲ್ಲ. ಆದ್ದರಿಂದ ಇಲ್ಲಿ ಏರಿಳಿದದ್ದು ನೀರಲ್ಲ, ನೆಲ. ಕೆಳಗಿಳಿದು ಮತ್ತೆ ಮೇಲೆ ಬಂದರೂ ಕಂಬಗಳು ಉರುಳಲಿಲ್ಲವೆಂದ ಮೇಲೆ ಈ ಚಲನೆ ತೀರ ನಿಧಾನವಾಗಿ ನಡೆದಿರಬೇಕು. 1830ರಲ್ಲಿ ಪ್ರಕಟವಾದ ಅವನ ಭೂವಿಜ್ಞಾನದ ಗ್ರಂಥದ ಮುಖಚಿತ್ರವೇ ಈ ಮೂರು ಕಂಬಗಳು. ಬೀಗಲ್ ಹಡಗಿನಲ್ಲಿ ಲೋಕ ಸುತ್ತಲು ಹೊರಟ ತರುಣ ಡಾರ್ವಿನ್‌ನ ಪೆಟ್ಟಿಗೆಯಲ್ಲಿ ಆ ಪುಸ್ತಕವಿತ್ತು. ಪರ್ವತಗಳೂ ಕಣಿವೆಗಳೂ ಒಂದೇ ದಿನದ ಪ್ರಳಯದಿಂದಾದವಲ್ಲ, ಕಣ್ಣಿಗೆ ಕಾಣದಷ್ಟು ನಿಧಾನದ ಬದಲಾವಣೆಗಳು ಸೇರಿ ಆದವು ಎಂಬ ಆಧುನಿಕ ತಿಳಿವಳಿಕೆಗೆ ಒಂದು ಹಾಳು ಸಂತೆಕಟ್ಟೆ ಸಾಕ್ಷಿ ನುಡಿಯಿತು. ಐದರಿಂದ ಹದಿನೈದನೆಯ ಶತಮಾನದ ನಡುವೆ ಈ ಕಂಬಗಳು ಮೂರು ಬಾರಿ ಮುಳುಗೆದ್ದಿವೆ ಎಂದು ಇತ್ತೀಚಿನ ಸಂಶೋಧನೆ ಹೇಳುತ್ತದೆ.

ರೋಮನರಿಗೆ ಇದು ಗೊತ್ತಿರಲಿಲ್ಲ. ಅವರಿಗೆ ಈ ಊರು ಪುಟಿಯೋಲಿ, ಸಾಮ್ರಾಜ್ಯದ ಹೆಬ್ಬಾಗಿಲು. ಈಜಿಪ್ಟಿನ ಅಲೆಕ್ಸಾಂಡ್ರಿಯದಿಂದ ಬರುವ ಹಡಗುಗಳು ತಂಗುತ್ತಿದ್ದುದು ಇಲ್ಲಿ. ಆ ಹಡಗುಗಳು ದೂರದಲ್ಲಿ ಕಂಡರೆ ಊರಿಗೆ ಊರೇ ಧಕ್ಕೆಗೆ ಓಡುತ್ತಿದ್ದ ದೃಶ್ಯವನ್ನು ತತ್ತ್ವಜ್ಞಾನಿ ಸೆನೆಕಾ ವರ್ಣಿಸಿದ್ದಾನೆ. ಕೆಂಪು ಸಮುದ್ರ ದಾಟಿ ಅಲೆಕ್ಸಾಂಡ್ರಿಯ ಸೇರುತ್ತಿದ್ದ ಭಾರತದ ಮೆಣಸು, ಬಟ್ಟೆಗಳಿಗೆ ಇಟಲಿಯ ಬಾಗಿಲೂ ಇದೇ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳು ಯಾವ ದಾರಿಯಲ್ಲಿ ಬಂದವೆಂದು ಯೋಚಿಸುವಾಗ ಈ ಬಂದರೂ ನೆನಪಾಗಬೇಕು. ಅರೇಬಿಯದ ಸುಗಂಧ ವ್ಯಾಪಾರಿಗಳಾಗಿದ್ದ ನಬಾಟಿಯನರು ಇಲ್ಲಿ ತಮ್ಮ ದೇವರಿಗೊಂದು ಗುಡಿಯನ್ನೇ ಕಟ್ಟಿಕೊಂಡಿದ್ದರು. ಅದರ ಬಲಿಪೀಠಗಳು 2023ರಲ್ಲಿ ಸಮುದ್ರದ ತಳದಲ್ಲಿ ಕಾಣಿಸಿಕೊಂಡವು.

ಬಂದರಿನಷ್ಟೇ ದೊಡ್ಡ ಸಂಪತ್ತು ಇಲ್ಲಿನ ಬೂದಿ. ಜ್ವಾಲಾಮುಖಿಯ ಈ ಬೂದಿಯನ್ನು ಸುಣ್ಣದೊಂದಿಗೆ ಕಲಸಿದರೆ ಅದು ನೀರಿನೊಳಗೂ ಕಲ್ಲಾಗುತ್ತದೆ. ಬರೀ ಸುಣ್ಣದ ಗಾರೆ ಗಾಳಿಯಲ್ಲಿ ಒಣಗಿ ಗಟ್ಟಿಯಾಗಬೇಕು. ಬೂದಿ ಬೆರೆಸಿದ್ದಕ್ಕೆ ಗಾಳಿ ಬೇಕಿಲ್ಲ. ಬೂದಿಯಲ್ಲಿನ ಸಿಲಿಕಾ ಮತ್ತು ಅಲ್ಯೂಮಿನಾ ಅಂಶಗಳು ಸುಣ್ಣ ಹಾಗೂ ನೀರಿನೊಡನೆ ಕೂಡಿ ಹೊಸ ಖನಿಜವೇ ಆಗುತ್ತದೆ. ನಮ್ಮವರು ಸುಟ್ಟ ಇಟ್ಟಿಗೆಯ ಪುಡಿಯಿಂದ ಮಾಡುತ್ತಿದ್ದ ಸುರ್ಕಿ ಗಾರೆಯ ಗುಟ್ಟೂ ಇದೇ. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುರ್ಕಿ. ಇಂದಿನ ಪಿಪಿಸಿ ಚೀಲದಲ್ಲಿ ಬೂದಿಯ ಜಾಗಕ್ಕೆ ಹೆಚ್ಚಾಗಿ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಬಂದಿದೆ. ವಸ್ತು ಬದಲಾದರೂ ಹೆಸರು ಪೊಝುವೊಲಿಯದೇ. ರೋಮನರ ಕಾಲದಲ್ಲಿ ಈ ಬೂದಿಯನ್ನು ಹಡಗಿನಲ್ಲಿ ಹೊತ್ತೊಯ್ದು ಪ್ಯಾಲೆಸ್ಟೈನಿನ ಸಿಸೇರಿಯದಲ್ಲಿ ಸಮುದ್ರದ ನಡುವೆಯೇ ಬಂದರು ಕಟ್ಟಿದರು.

ಕೊಲ್ಲಿಯ ಪಶ್ಚಿಮ ದಂಡೆಯ ಬಾಯೆ ರೋಮನ್ ಶ್ರೀಮಂತರ ವಿಲಾಸಭೂಮಿ. ನೆಲದ ಕಾವಿನಿಂದ ಉಕ್ಕುವ ಬಿಸಿನೀರಿನ ಬುಗ್ಗೆಗಳು, ತಂಗಾಳಿ, ನೀರಿನಲ್ಲೂ ನಿಲ್ಲುವ ಕಾಂಕ್ರೀಟು. ಇನ್ನೇನು ಬೇಕು? ಸಮುದ್ರದೊಳಗೇ ಮಹಲುಗಳು ಎದ್ದವು. ಬಾಯೆಯಲ್ಲಿ ಒಂದೇ ದಿನ ಉಳಿಯಲಾಗದೆ ಹೊರಟುಬಂದೆನೆಂದು ಸೆನೆಕಾ ಮುಖ ಸಿಂಡರಿಸಿದ. ಕುದುರೆಯೇರಿ ಈ ಕೊಲ್ಲಿ ದಾಟುವುದು ಎಷ್ಟು ಸಾಧ್ಯವೋ ಇವನು ಚಕ್ರವರ್ತಿಯಾಗುವುದೂ ಅಷ್ಟೇ ಸಾಧ್ಯ ಎಂದು ಜ್ಯೋತಿಷಿಯೊಬ್ಬ ನುಡಿದಿದ್ದನಂತೆ. ಪಟ್ಟಕ್ಕೆ ಬಂದ ಕಲಿಗುಲಾ ಕ್ರಿ.ಶ. 39ರಲ್ಲಿ ಬಾಯೆಯಿಂದ ಪುಟಿಯೋಲಿಯವರೆಗೆ ಹಡಗುಗಳನ್ನು ಸಾಲಾಗಿ ಕಟ್ಟಿ, ಮೇಲೆ ಮಣ್ಣು ಸುರಿಸಿ, ಕುದುರೆಯ ಮೇಲೆ ದಾಟಿಯೇ ಬಿಟ್ಟ. ನೀರೊ ತನ್ನ ತಾಯಿಯನ್ನು ಮುರಿದುಬೀಳುವ ದೋಣಿಯಲ್ಲಿ ಕೂರಿಸಿ ಕೊಲ್ಲಲೆತ್ನಿಸಿದ್ದೂ ಇಲ್ಲಿಯೇ, ಕ್ರಿ.ಶ. 59ರಲ್ಲಿ.

ಈಗ ಆ ಬಾಯೆಯ ದಂಡೆಯ ಭಾಗ ನೀರಿನ ತಳದಲ್ಲಿದೆ. 2002ರಲ್ಲಿ ಇದನ್ನು ಜಲಾಂತರ್ಗತ ಪುರಾತತ್ತ್ವ ಉದ್ಯಾನವೆಂದು ಘೋಷಿಸಲಾಯಿತು. ಗಾಜಿನ ತಳದ ದೋಣಿಯಲ್ಲಿ ಕುಳಿತು, ಇಲ್ಲವೇ ಮುಳುಗುಗಾರರೊಡನೆ ಇಳಿದು ನೋಡಬಹುದು. ಸುಮಾರು ಐದು ಮೀಟರ್ ಆಳದಲ್ಲಿ ಚಕ್ರವರ್ತಿ ಕ್ಲಾಡಿಯಸನ ಕಾಲದ ಭೋಜನಶಾಲೆ. ಅದರಲ್ಲಿ ಒಕ್ಕಣ್ಣ ರಾಕ್ಷಸನಿಗೆ ಮದ್ಯ ಕುಡಿಸಲು ಹೊರಟ ಯುಲಿಸಿಸ್ ಮತ್ತು ಅವನ ಸಂಗಡಿಗನ ಪ್ರತಿಮೆಗಳು. ಮೂಲ ಪ್ರತಿಮೆಗಳನ್ನು 1980ರ ದಶಕದ ಮೊದಲಲ್ಲಿ ಮೇಲೆತ್ತಿ ಬಾಯೆಯ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಇಡಲಾಯಿತು, ನೀರಿನಲ್ಲಿರುವುವು ಪ್ರತಿಕೃತಿಗಳು. ಮಾರ್ಗದರ್ಶಕ ತಳದ ಮರಳನ್ನು ಅಂಗೈಯಿಂದ ಬೀಸಿ ಸರಿಸಿದರೆ ಬಣ್ಣದ ಹರಳಿನ ನೆಲಹಾಸು ಕಾಣುತ್ತದೆ. ನೋಡಿಯಾದ ಮೇಲೆ ಮತ್ತೆ ಮರಳು ಮುಚ್ಚಿ ಮುಂದೆ ಹೋಗುವುದು ಅಲ್ಲಿನ ರೂಢಿ.

ಸುಮಾರು 40,000 ವರ್ಷಗಳ ಹಿಂದೆ ಮತ್ತು 15,000 ವರ್ಷಗಳ ಹಿಂದೆ ಇಲ್ಲಿ ಆದ ಎರಡು ಮಹಾಸ್ಫೋಟಗಳೇ ಈ ಬಾಯನ್ನು ತೆರೆದವು. ಎರಡನೆಯದರ ಬೂದಿ ಗಟ್ಟಿಯಾಗಿ ಹಳದಿ ಕಲ್ಲಾಯಿತು. ನೇಪಲ್ಸ್ ನಗರವನ್ನು ಕಟ್ಟಿರುವುದು ಬಹುಪಾಲು ಆ ಕಲ್ಲಿನಿಂದ. ಕೊನೆಯ ಸ್ಫೋಟ ಇವುಗಳ ಮುಂದೆ ಸಣ್ಣದು, ಆದರೆ ಅದಕ್ಕೆ ಬರಹದ ಸಾಕ್ಷ್ಯವಿದೆ. 1503ರಲ್ಲಿ ಸ್ಪೇನಿನ ದೊರೆ ಫರ್ಡಿನೆಂಡ್ ಮತ್ತು ರಾಣಿ ಇಸಾಬೆಲ್ಲಾ, ಸಮುದ್ರ ಒಣಗುತ್ತಿರುವಲ್ಲಿನ ಭೂಮಿಯನ್ನು ಪೊಝುವೊಲಿಯವರಿಗೆ ಉಂಬಳಿಯಾಗಿ ಬರೆದುಕೊಟ್ಟರು. ಪುಕ್ಕಟೆ ಭೂಮಿ ಸಿಕ್ಕಿತೆಂದು ಊರವರು ಹಿಗ್ಗಿರಬೇಕು. 1538ರ ಸೆಪ್ಟೆಂಬರ್ ಕೊನೆಗೆ ಸಮುದ್ರ ಇನ್ನಷ್ಟು ಹಿಂದೆ ಸರಿದು ದಂಡೆಯಲ್ಲಿ ಮೀನುಗಳು ಒದ್ದಾಡಿದವು. ಜನ ಬುಟ್ಟಿ ಹಿಡಿದು ಬಾಚಿಕೊಂಡರು. 29ರಂದು ನೆಲ ಬಿರಿಯಿತು. ಒಂದು ವಾರದಲ್ಲಿ ಟ್ರಿಪೆರ್ಗೊಲೆ ಎಂಬ ಹಳ್ಳಿ ಹೂತುಹೋಗಿ, ಅದರ ಜಾಗದಲ್ಲಿ ನೂರಮೂವತ್ತು ಮೀಟರಿನ ಗುಡ್ಡ ನಿಂತಿತು. ಇಂದಿಗೂ ಅದರ ಹೆಸರು ಮೊಂಟೆ ನುವೊವೊ, ಹೊಸಗುಡ್ಡ. ಸ್ಫೋಟ ತಣ್ಣಗಾಯಿತೆಂದು ಕುತೂಹಲದಿಂದ ಗುಡ್ಡ ಹತ್ತಿದ 24 ಮಂದಿ ಅಕ್ಟೋಬರ್ 6ರ ಕೊನೆಯ ಸಿಡಿತಕ್ಕೆ ಬಲಿಯಾದರು.

ಆಮೇಲೆ ನಾಲ್ಕು ಶತಮಾನ ನೆಲ ಮೆಲ್ಲಗೆ ಇಳಿಯುತ್ತ ಹೋಯಿತು. ಜನ ಮರೆತರು. 1969ರ ಹೊತ್ತಿಗೆ ಮತ್ತೆ ಏರತೊಡಗಿತು. ಬಂದರಿನ ಮೇಲಿನ ಬಂಡೆಗುಡ್ಡದಲ್ಲಿ ರಿಯೋನೆ ಟೆರ್ರಾ ಎಂಬ ಹಳೆಯ ಕೇರಿಯಿತ್ತು. ಮೀನುಗಾರರು, ಕೂಲಿಕಾರರು ತುಂಬಿದ್ದ ಜಾಗ. 1970ರ ಮಾರ್ಚ್ 2ರಂದು ಸೈನಿಕರೂ ಪೊಲೀಸರೂ ಬಂದು ಸುಮಾರು ಮೂರು ಸಾವಿರ ಜನರನ್ನು ಮನೆಯಿಂದ ಹೊರಡಿಸಿದರು. ಅಂದು ಸ್ಫೋಟವಾಗಲಿಲ್ಲ. ಕೇರಿಯವರು ತಮ್ಮ ಮನೆಗಳಿಗೆ ಹಿಂದಿರುಗಲೂ ಇಲ್ಲ. 1982ರಿಂದ 84ರವರೆಗೆ ನೆಲ ಮತ್ತೆ 1.8 ಮೀಟರ್ ಉಬ್ಬಿ, ಸಾವಿರಾರು ಸಣ್ಣ ಕಂಪನಗಳಾದವು. ಈ ಬಾರಿ ನಲವತ್ತು ಸಾವಿರದಷ್ಟು ಜನ ಊರು ಬಿಟ್ಟರು. ಅವರಿಗಾಗಿ ಸಮುದ್ರದಿಂದ ದೂರದಲ್ಲಿ ಮೊಂಟೆರುಶೆಲ್ಲೊ ಎಂಬ ಕಾಂಕ್ರೀಟಿನ ಬಡಾವಣೆ ಎದ್ದಿತು. ಜನರಿಲ್ಲದ ರಿಯೋನೆ ಟೆರ್ರಾದ ಅಡಿಯಲ್ಲಿ ಅಗೆದಾಗ ರೋಮನ್ ಕಾಲದ ಬೀದಿ, ಅಂಗಡಿ, ಬೀಸುಕಲ್ಲಿನ ಮನೆಗಳು ಸಿಕ್ಕವು. ಇಂದು ಪ್ರವಾಸಿಗರು ಬೆರಗಾಗಿ ಓಡಾಡುವ ಆ ನೆಲದಡಿಯ ಬೀದಿಗಳು ಬೆಳಕು ಕಂಡದ್ದು ಮೇಲಿನ ಬೀದಿಯವರು ಬೀದಿಪಾಲಾದ ಮೇಲೆ. ಟಿಕೆಟ್ ಕೊಳ್ಳುವವರು ಇದನ್ನು ನೆನೆದರೆ ಒಳ್ಳೆಯದು.

ಹಾಗೆ ಹೊರಟ ಕುಟುಂಬಗಳಲ್ಲಿ ಟಿಜಿಯಾನಾ ವನೊರಿಯೊ ಎಂಬ ಹುಡುಗಿಯೂ ಇದ್ದಳು. ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಭೂಭೌತವಿಜ್ಞಾನಿಯಾದ ಆಕೆ, ಇಷ್ಟು ಉಬ್ಬಿದರೂ ಈ ನೆಲ ಒಡೆಯದೆ ತಡೆದದ್ದು ಹೇಗೆಂದು ಹುಡುಕಿದರು. 2015ರಲ್ಲಿ ಪ್ರಕಟವಾದ ಉತ್ತರ ಕುತೂಹಲಕರ. ಒಂದೆರಡು ಕಿಲೋಮೀಟರ್ ಆಳದಲ್ಲಿ ಬೂದಿ, ಸುಣ್ಣ, ಬಿಸಿನೀರುಗಳು ತಾವಾಗಿ ಕೂಡಿ, ನಾರುನಾರಾದ ಖನಿಜಗಳ ಒಂದು ಮುಚ್ಚಳವಾಗಿದೆ. ಅದರ ರಚನೆ ರೋಮನ್ ಕಾಂಕ್ರೀಟನ್ನು ಹೋಲುತ್ತದೆ. ಮನುಷ್ಯ ಇಲ್ಲಿ ಕಲಿತ ಪಾಕವನ್ನು ಭೂಮಿ ಮೊದಲೇ ಮಾಡಿಟ್ಟಿತ್ತು. ಆದರೆ ಆ ಮುಚ್ಚಳವನ್ನು ಕೆಳಗಿನಿಂದ ನೂಕುತ್ತಿರುವುದು ಶಿಲಾರಸವೇ, ಅಥವಾ ಕಾದ ನೀರು ಮತ್ತು ಅನಿಲವೇ ಎಂಬುದರಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ಮುಚ್ಚಳ ಎಷ್ಟು ಸಲ ತಡೆದೀತು ಎಂಬುದಕ್ಕೂ ಲೆಕ್ಕವಿಲ್ಲ.

2005ರಿಂದ ನೆಲ ಮತ್ತೆ ಏರುತ್ತಿದ್ದು, 2025ರ ಹೊತ್ತಿಗೆ ಒಂದೂಕಾಲು ಮೀಟರಿಗಿಂತ ಹೆಚ್ಚು ಮೇಲೆ ಬಂದಿದೆ. ಧಕ್ಕೆಯಲ್ಲಿ ನೀರು ಬತ್ತಿ ಸಣ್ಣ ದೋಣಿಗಳು ಕೆಸರಿನಲ್ಲಿ ಓರೆಯಾಗಿ ಕುಳಿತಿವೆ. 2024ರ ಮೇ 20ರಂದು 4.4, 2025ರ ಮಾರ್ಚ್ 13ರಂದು 4.6 ಪ್ರಮಾಣದ ಭೂಕಂಪಗಳಾದವು. ಸಂಖ್ಯೆ ಸಣ್ಣದೆನಿಸಬಹುದು, ಕಂಪನದ ಮೂಲ ಕಾಲಡಿಯಲ್ಲೇ ಎರಡು ಮೂರು ಕಿಲೋಮೀಟರ್ ಆಳದಲ್ಲಿದ್ದರೆ ಹಳೆಯ ಗೋಡೆಗಳಿಗೆ ಅಷ್ಟೇ ಸಾಕು. ಗಂಧಕದ ಹೊಗೆಯುಗುಳುವ ಸೋಲ್ಫಟಾರಾ ಕುಂಡವನ್ನು, ಅದರಲ್ಲಿ ಮೂವರು ಪ್ರವಾಸಿಗರು ಸತ್ತ ಮೇಲೆ 2017ರಲ್ಲಿ ಮುಚ್ಚಲಾಯಿತು. ಉಳಿದದ್ದನ್ನೆಲ್ಲ ನೋಡಬಹುದು, ಎರಡು ದಿನದ ಅತಿಥಿಗೆ ಅಪಾಯ ತೀರ ಕಡಿಮೆ. ಅಪಾಯವಿರುವುದು ಅಲ್ಲೇ ಬದುಕುವವರಿಗೆ.

ಸ್ಫೋಟದ ಕೆಂಪು ವಲಯದಲ್ಲಿ ವಾಸಿಸುವವರು ಸುಮಾರು ಐದು ಲಕ್ಷ ಮಂದಿ. ಎಚ್ಚರಿಕೆ ಬಂದರೆ 72 ಗಂಟೆಗಳಲ್ಲಿ ಅವರೆಲ್ಲರನ್ನೂ ಹೊರಸಾಗಿಸುವ ಯೋಜನೆ ಸರ್ಕಾರದ ಬಳಿ ಸಿದ್ಧವಿದೆ. ಯಾವ ಊರಿನವರು ದೇಶದ ಯಾವ ಪ್ರಾಂತ್ಯಕ್ಕೆ ಹೋಗಬೇಕೆಂಬುದೂ ಅದರಲ್ಲಿ ಗೊತ್ತಾಗಿದೆ. ಪೊಝುವೊಲಿಯ ಮೀನುಗಾರರಿಗೆ ಗೊತ್ತಾಗಿರುವುದು ಉತ್ತರದ ಲೊಂಬಾರ್ಡಿ. ಆ ಪ್ರಾಂತ್ಯಕ್ಕೆ ಸಮುದ್ರವಿಲ್ಲ.