ಬೇಸಿಗೆ ರಜೆ, ಊರ ಸಭೆಯ ಯುವಜನ ಶಿಬಿರ ಮತ್ತು ಕುಟುಂಬ ಕೂಟ

ಮೇ ತಿಂಗಳು ಸಮೀಪಿಸಿತೆಂದರೆ ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ಊರಿನ ಮಾತೇ ಮಾತು. ನಾಗತಂಬಿಲಕ್ಕೋ ನೇಮೋತ್ಸವಕ್ಕೋ ಬಂಧುಗಳ ಮದುವೆಗೋ ಊರಿಗೆ ಹೊರಡುವವರ ಜೊತೆಯಲ್ಲಿಯೇ, ಅದೇ ರೈಲಿನ ಅದೇ ಡಬ್ಬಿಯಲ್ಲಿ, ಕರಾವಳಿಯ ಪ್ರೊಟೆಸ್ಟೆಂಟ್ ಕ್ರೈಸ್ತ ಕುಟುಂಬಗಳೂ ಹೊರಡುತ್ತವೆ. ಅವರ ಪ್ರಯಾಣಕ್ಕೆ ಮುಖ್ಯವಾಗಿ ಎರಡು ನಿಮಿತ್ತಗಳು: ಒಂದು, ಊರ ಸಭೆಯ ಯುವಜನ ಶಿಬಿರ, ಇನ್ನೊಂದು, ಅಜ್ಜನ ಮನೆಯಲ್ಲಿ ನಡೆಯುವ ಕುಟುಂಬ ಕೂಟ. ಈ ಏರ್ಪಾಟುಗಳ ಹಿನ್ನೆಲೆಯೇನು, ಅವು ಹೇಗೆ ನಡೆಯುತ್ತವೆ, ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅವುಗಳಿಂದ ದೊರೆಯುವುದೇನು ಎಂಬುದನ್ನು ತಿಳಿಸುವುದು ಈ ಬರಹದ ಉದ್ದೇಶ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ನಿನ ಮೊದಲ ಮಿಶನರಿಗಳು ಮಂಗಳೂರಿಗೆ ಬಂದುದು 1834ರಲ್ಲಿ. 1841ರಲ್ಲಿ ಅವರು ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದಿತು. 1847ರಲ್ಲಿ ತುಳುವಿನ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿಯೇ ಅಚ್ಚಾಯಿತು. 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಫರ್ಡಿನಂಡ್ ಕಿಟ್ಟೆಲ್ ಅವರ ಕನ್ನಡ ನಿಘಂಟು ಪ್ರಕಟವಾದವು. ಹೀಗೆ ಶಾಲೆ, ಮುದ್ರಣಾಲಯ, ಕಾರ್ಖಾನೆಗಳ ಸುತ್ತ ಬೆಳೆದ ಸಭೆಗಳಲ್ಲಿ ಒಂದು ವಿಶೇಷ ಪದ್ಧತಿ ನೆಲೆಗೊಂಡಿತು. ಮನೆಯ ಮಾತು ಬಹುಮಟ್ಟಿಗೆ ತುಳು. ಓದು, ಬರಹ, ಆರಾಧನೆ ಕನ್ನಡದಲ್ಲಿ. ತುಳು ಗೀತೆಯನ್ನು ಹಾಡುವವರ ಕೈಯಲ್ಲಿಯೂ ಕನ್ನಡ ಅಕ್ಷರದ ಪುಸ್ತಕ. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಸ್ಥಾಪನೆಯಾಯಿತು. ಬಾಸೆಲ್ ಮಿಶನ್ನಿನಿಂದ ಬೆಳೆದು ಬಂದ ಕರಾವಳಿಯ ಸಭೆಗಳಲ್ಲಿ ಹೆಚ್ಚಿನವು ಇಂದು ಅದಕ್ಕೆ ಸೇರಿವೆ.

ಈ ಪ್ರಯಾಣ ಮೇ ತಿಂಗಳಲ್ಲಿಯೇ ಏಕೆ ಎಂಬುದಕ್ಕೂ ಕಾರಣಗಳುಂಟು. ಈಸ್ಟರ್ ಹಬ್ಬವು ಮಾರ್ಚ್ 22ರಿಂದ ಏಪ್ರಿಲ್ 25ರೊಳಗಿನ ಒಂದು ಭಾನುವಾರ ಬರುತ್ತದೆ. ಅದಕ್ಕೆ ಮುಂಚಿನ ನಲವತ್ತು ದಿನಗಳ ಉಪವಾಸ ಕಾಲದಲ್ಲಿ ಮದುವೆ ಮೊದಲಾದ ಸಂಭ್ರಮಗಳನ್ನು ಇಟ್ಟುಕೊಳ್ಳದಿರುವುದು ರೂಢಿ. ಆದುದರಿಂದ ಮದುವೆಗಳೆಲ್ಲ ಹಬ್ಬ ಕಳೆದ ಬಳಿಕ, ಏಪ್ರಿಲ್ ಕೊನೆಗೂ ಮೇ ತಿಂಗಳಿಗೂ ಒತ್ತಾಗಿ ಬರುತ್ತವೆ. ಕರ್ನಾಟಕದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ರಜೆ. ಮಹಾರಾಷ್ಟ್ರದ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಮೇ ಆರಂಭದಿಂದ ಜೂನ್ ನಡುವಿನವರೆಗೆ. ಜೂನ್ ಮೊದಲ ವಾರದಲ್ಲಿ ಕರಾವಳಿಗೆ ಮಳೆಗಾಲ ಕಾಲಿಡುತ್ತದೆ. ಊರಿನ ಮಕ್ಕಳೂ ನಗರದ ಮಕ್ಕಳೂ ಒಟ್ಟಿಗೆ ಸೇರಬಹುದಾದ ಅವಧಿ ಮೇ ತಿಂಗಳ ನಾಲ್ಕು ವಾರಗಳು ಮಾತ್ರ. ಶಿಬಿರವನ್ನು ನಡೆಸುವ ಹಿರಿಯರು ಈ ನಾಲ್ಕು ವಾರಗಳಲ್ಲಿ ಮದುವೆಗಳಿಲ್ಲದ ದಿನಗಳನ್ನು ಹುಡುಕಿ ತಾರೀಕನ್ನು ನಿಶ್ಚಯಿಸಬೇಕಾಗುತ್ತದೆ.

1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆಯಿತು. ಅದಕ್ಕೆ ಮುನ್ನ ಇಡೀ ಹಗಲು-ರಾತ್ರಿ ಬಸ್ಸಿನಲ್ಲಿ ಕುಳಿತು ಘಟ್ಟಗಳನ್ನು ಹತ್ತಿ ಇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಈಗ ಸಂಜೆ ರೈಲು ಹತ್ತಿದರೆ ಮರುದಿನ ಬೆಳಗ್ಗೆ ಕರಾವಳಿಯ ತೆಂಗಿನ ತೋಟಗಳು ಕಾಣುತ್ತವೆ. ದಾರಿ ಸುಲಭವಾಯಿತು, ಆದರೆ ಊರಿನಲ್ಲಿ ನಿಲ್ಲುವ ದಿನಗಳು ಕಡಿಮೆಯಾದವು. ಹಿಂದೆ ತಿಂಗಳುಗಟ್ಟಲೆ ಉಳಿಯುತ್ತಿದ್ದವರು ಇಂದು ಮದುವೆಯ ಮುನ್ನಾದಿನ ಬಂದು ಮರುದಿನ ಹಿಂತಿರುಗುವುದುಂಟು. ಈ ಅವಸರದಲ್ಲಿ ಮಕ್ಕಳನ್ನು ಊರಿನಲ್ಲಿ ನಾಲ್ಕು ದಿನ ನಿಲ್ಲಿಸುವ ಬಲವಾದ ಕಾರಣವೆಂದರೆ ಶಿಬಿರ.

ಚಿಕ್ಕ ಮಕ್ಕಳಿಗೆ ರಜಾಕಾಲದ ಸತ್ಯವೇದ ಶಾಲೆ ಬೇರೆಯೇ ಇರುತ್ತದೆ; ಜನರು ಅದನ್ನು ವಿ.ಬಿ.ಎಸ್. ಎನ್ನುತ್ತಾರೆ. ಯುವಜನ ಶಿಬಿರವು ಪ್ರೌಢಶಾಲೆ ದಾಟಿದವರಿಗಾಗಿ. ಸಾಮಾನ್ಯವಾಗಿ ಮೂರು ನಾಲ್ಕು ದಿನಗಳ ವಾಸ. ಬೆಳಗ್ಗೆ ಪ್ರಾರ್ಥನೆ, ಬಳಿಕ ಸತ್ಯವೇದದ ಅಧ್ಯಯನ, ಗುಂಪು ಚರ್ಚೆ. ಮಧ್ಯಾಹ್ನ ಉದ್ಯೋಗ, ವಿದ್ಯಾಭ್ಯಾಸ, ದುಶ್ಚಟಗಳು ಮುಂತಾದ ವಿಷಯಗಳ ಬಗ್ಗೆ ಬಲ್ಲವರಿಂದ ಮಾತು. ಸಂಜೆ ಆಟ, ರಾತ್ರಿ ಕಿರುನಾಟಕ ಮತ್ತು ಹಾಡು. ಅಡುಗೆಮನೆಯ ಕೆಲಸ, ಬಡಿಸುವ ಕೆಲಸ, ಗುಡಿಸುವ ಕೆಲಸ ಸರದಿಯಂತೆ ಎಲ್ಲರದು. ಕೊನೆಯ ದಿನ ಶಿಬಿರಾರ್ಥಿಗಳೇ ಸಭೆಯ ಆರಾಧನೆಯಲ್ಲಿ ವಾಚನ ಮಾಡುತ್ತಾರೆ, ನಾಲ್ಕು ಧ್ವನಿಗಳಲ್ಲಿ ಗೀತೆ ಹಾಡುತ್ತಾರೆ. ಜರ್ಮನ್ ರಾಗಗಳಿಗೆ ಕನ್ನಡದ ಸಾಹಿತ್ಯವನ್ನು ಹೊಂದಿಸಿ ನಾಲ್ಕು ಧ್ವನಿಗಳಲ್ಲಿ ಹಾಡುವ ಪದ್ಧತಿ ಬಾಸೆಲ್ ಮಿಶನ್ನಿನ ಕಾಲದ ಬಳುವಳಿ. ಹಿರಿಯರ ಪಕ್ಕದಲ್ಲಿ ನಿಂತು ಹಾಡದೆ ಅದು ಯಾರಿಗೂ ಕೈಗೂಡುವುದಿಲ್ಲ.

ಕುಟುಂಬ ಕೂಟದ ಕ್ರಮ ಬೇರೆ. ಅಜ್ಜ-ಅಜ್ಜಿಯರ ಸಂತತಿಯವರೆಲ್ಲ ಮೂಲಮನೆಯಲ್ಲಿ ಸೇರುತ್ತಾರೆ. ಮೊದಲು ಸಭಾಪಾಲಕರನ್ನು ಕರೆದು ಮನೆ ಪ್ರಾರ್ಥನೆ. ಅದಕ್ಕೂ ಮುಂಚೆ, ಬೆಳಗ್ಗೆಯೇ, ಸಮಾಧಿಗಳನ್ನು ಶುಚಿಗೊಳಿಸಿ ಹೂವಿಡುವುದುಂಟು. ಊಟಕ್ಕೆ ಕೋರಿರೊಟ್ಟಿ, ನೀರುದೋಸೆ, ಮೀನಿನ ಗಸಿ. ಮನೆಯ ಮರದ ಹಲಸು, ಮಾವು. ಊಟವಾದ ಮೇಲೆ ವರ್ಷದಲ್ಲಿ ಹುಟ್ಟಿದವರನ್ನೂ ಹೊಸದಾಗಿ ಮದುವೆಯಾಗಿ ಬಂದವರನ್ನೂ ಪರಿಚಯಿಸುತ್ತಾರೆ, ತೀರಿಹೋದವರನ್ನು ಸ್ಮರಿಸುತ್ತಾರೆ. ನಗರದಲ್ಲಿ ಎಲ್ಲರನ್ನೂ 'ಅಂಕಲ್', 'ಆಂಟಿ' ಎನ್ನುವ ಮಕ್ಕಳು ಇಲ್ಲಿ ದೊಡ್ಡಪ್ಪ ಯಾರು, ಚಿಕ್ಕಪ್ಪ ಯಾರು, ತಾಯಿಯ ಅಣ್ಣನನ್ನು ತುಳುವಿನಲ್ಲಿ 'ತಮ್ಮಲೆ' ಎನ್ನುವುದೇಕೆ ಎಂದು ಅರಿಯುತ್ತಾರೆ. ಮನೆಯ ಮಾಡು ಸೋರುತ್ತಿದ್ದರೆ ಹೆಂಚು ಬದಲಾಯಿಸುವ ಖರ್ಚು ಯಾರದು, ಒಂಟಿಯಾಗಿರುವ ಅಜ್ಜಿಯನ್ನು ನೋಡಿಕೊಳ್ಳುವವರು ಯಾರು, ಆಸ್ತಿಯನ್ನು ಉಳಿಸಬೇಕೇ ಮಾರಬೇಕೇ ಎಂಬ ಕಠಿಣ ಮಾತುಗಳೂ ಇದೇ ಕೂಟದಲ್ಲಿ ಬರುತ್ತವೆ. ದೂರವಾಣಿಯಲ್ಲಿ ಕಾವೇರುವ ಇಂತಹ ವಿಷಯಗಳು ಎದುರುಬದುರು ಕುಳಿತಾಗ ಎಷ್ಟೋ ಸಲ ತಿಳಿಯಾಗುತ್ತವೆ.

ನಮ್ಮ ಮನೆಯ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. ನಮ್ಮ ಅಜ್ಜನ ಸತ್ಯವೇದದ ಮೊದಲ ಖಾಲಿ ಪುಟಗಳಲ್ಲಿ ಮನೆಯವರ ಜನನ, ದೀಕ್ಷಾಸ್ನಾನ, ವಿವಾಹ, ಮರಣಗಳನ್ನು ಕನ್ನಡದಲ್ಲಿ ಬರೆದಿಡುವ ಪದ್ಧತಿಯಿತ್ತು. ಅಜ್ಜ ಬರೆದರು, ಬಳಿಕ ದೊಡ್ಡಪ್ಪ ಬರೆದರು. ಕೆಲವು ವರ್ಷಗಳ ಹಿಂದೆ ದೊಡ್ಡಪ್ಪನವರ ಕೈ ನಡುಗತೊಡಗಿದಾಗ, "ಇನ್ನು ಮುಂದೆ ಬರೆಯುವವರು ಯಾರು?" ಎಂದು ಅವರು ಕೂಟದಲ್ಲಿ ಕೇಳಿದರು. ನಮ್ಮ ತಲೆಮಾರಿನವರು ಪರಸ್ಪರ ನೋಡಿಕೊಂಡೆವು. ನಾವಾದರೂ ಬರೆಯಬಲ್ಲೆವು, ನಮ್ಮ ಹದಿನೇಳು ಮಂದಿ ಮಕ್ಕಳಲ್ಲಿ ಆ ಪುಟವನ್ನು ಓದಬಲ್ಲವರು ಇಬ್ಬರೇ ಇದ್ದರು. ಉಳಿದವರಿಗೆ ತುಳು ಬರುತ್ತಿತ್ತು, ಕನ್ನಡ ಅರ್ಥವಾಗುತ್ತಿತ್ತು. ಅಕ್ಷರ ಮಾತ್ರ ಬಾರದು. ತಮ್ಮ ಹೆಸರು ಆ ಪುಟದಲ್ಲಿ ಎಲ್ಲಿದೆಯೆಂದು ಅವರಿಗೆ ಬೆರಳಿಟ್ಟು ತೋರಿಸಬೇಕಾಯಿತು.

ಮರುವರ್ಷ ನನ್ನ ತಂಗಿಯ ಮಗ ಊರ ಶಿಬಿರಕ್ಕೆ ಹೋದನು. ಹೊರನಾಡಿನ ಮಕ್ಕಳಿಗೆ ಅನುಕೂಲವಾಗಲೆಂದು ಅಲ್ಲಿ ಹಾಡುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದರು. ಒಳ್ಳೆಯ ಉದ್ದೇಶವೇ, ಆ ಹಾಳೆಯಿಲ್ಲದಿದ್ದರೆ ಅವನು ಬಾಯಿ ಮುಚ್ಚಿ ನಿಲ್ಲಬೇಕಾಗುತ್ತಿತ್ತು. ಆದರೆ ಅದೊಂದೇ ಇದ್ದರೆ ಕನ್ನಡ ಕಲಿಯುವ ಅವಶ್ಯಕತೆಯೇ ಬರುವುದಿಲ್ಲ. ಅವನ ಗುಂಪಿನ ಹಿರಿಯ ಅಕ್ಕ ಒಬ್ಬರು ಒಂದು ಉಪಾಯ ಮಾಡಿದರು: ಹಾಳೆಯ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಅಕ್ಷರ, ದಿನಕ್ಕೊಂದು ಹಾಡಿನ ಬಲಭಾಗವನ್ನು ಮಡಿಚಿ ಹಾಡಬೇಕು. ರಾಗವೂ ಮಾತೂ ಮೊದಲೇ ಬಾಯಿಗೆ ಬಂದಿರುವುದರಿಂದ ಅಕ್ಷರವನ್ನು ಊಹಿಸಿ ಹಿಡಿಯುವುದು ಸುಲಭ. ನಾಲ್ಕು ದಿನಗಳಲ್ಲಿ ಯಾರೂ ಪಂಡಿತರಾಗುವುದಿಲ್ಲ. ಆದರೆ ಮುಂಬಯಿಗೆ ಮರಳಿದ ಮೇಲೆ ಅವನು ತಾಯಿಯ ಬಳಿ ಕುಳಿತು ಉಳಿದ ಅಕ್ಷರಗಳನ್ನು ಕಲಿತನು. ಮುಂದಿನ ಕೂಟದಲ್ಲಿ ಆ ಪುಟವನ್ನು ತಡೆತಡೆದು ಓದಿದನು. ದೊಡ್ಡಪ್ಪನವರು ಕೇಳಿಸಿಕೊಂಡರು, ಒಂದು ತಾರೀಕನ್ನು ತಿದ್ದಿದರು, ಬಳಿಕ ಪೆನ್ನನ್ನು ಅವನ ಕೈಗೆ ಕೊಟ್ಟರು. ಅದೇ ವರ್ಷದ ಕೊನೆಯಲ್ಲಿ ದೊಡ್ಡಪ್ಪನವರು ತೀರಿಕೊಂಡರು. ಅವರ ಹೆಸರಿನ ಮುಂದೆ ಆ ದಿನಾಂಕವನ್ನು ಕನ್ನಡದಲ್ಲಿ ಬರೆದವನು ಅವನೇ.

ಊರಿಗೆ ಹೊರಡುವ ಕುಟುಂಬಗಳಿಗೆ ಅನುಭವದಿಂದ ಕೆಲವು ಸಲಹೆಗಳು. ರೈಲ್ವೆ ಮುಂಗಡ ಕಾದಿರಿಸುವಿಕೆಯ ಅವಧಿ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಾಗಿದೆ. ಆದುದರಿಂದ ಶಿಬಿರದ ತಾರೀಕನ್ನು ಫೆಬ್ರವರಿಯಲ್ಲಿಯೇ ಊರ ಸಭೆಯವರಿಂದ ಕೇಳಿ ತಿಳಿದುಕೊಳ್ಳಿರಿ. ಕುಟುಂಬ ಕೂಟವನ್ನು ಶಿಬಿರಕ್ಕೆ ಹತ್ತಿರದ ದಿನ ಇಟ್ಟುಕೊಂಡರೆ ಮಕ್ಕಳಿಗೆ ಎರಡೂ ದೊರೆಯುತ್ತವೆ. ಹೊರಡುವ ಮೊದಲು ಮನೆಯಲ್ಲಿ ಎರಡು ಮೂರು ಗೀತೆಗಳನ್ನಾದರೂ ಕನ್ನಡ ಅಕ್ಷರ ನೋಡಿ ಹಾಡಿಸಿರಿ. ಅಜ್ಜ-ಅಜ್ಜಿಯರ ಮಾತುಗಳನ್ನು ಮಕ್ಕಳಿಂದಲೇ ಬರೆಯಿಸಿರಿ. ಹಳೆಯ ಪುಟಗಳ ಛಾಯಾಚಿತ್ರ ತೆಗೆದಿಡಿರಿ. ಛಾಯಾಚಿತ್ರವು ಪುಟವನ್ನು ಉಳಿಸೀತು. ಅದನ್ನು ಓದುವವರನ್ನು ನಾವೇ ಸಿದ್ಧಪಡಿಸಬೇಕು.

ದೈವಸ್ಥಾನದ ಕಟ್ಟುಕಟ್ಟಳೆಯಿರಲಿ, ಸಭೆಯ ಗೀತೆಯಿರಲಿ, ಹಿರಿಯರು ಬಿಟ್ಟುಹೋದುದನ್ನು ಕಿರಿಯರು ಓದಲಾರದ ಸ್ಥಿತಿ ಹೊರನಾಡ ಕನ್ನಡಿಗರೆಲ್ಲರ ಮನೆಬಾಗಿಲಿಗೆ ಬಂದಿದೆ. ಈ ಬೇಸಿಗೆಯಲ್ಲಿ ಊರಿಗೆ ಹೋಗುವ ಬಂಧುಗಳು ಹಲಸಿನ ಹಪ್ಪಳ, ಕುಚಲಕ್ಕಿಗಳ ಗಂಟಿನೊಂದಿಗೆ ಮಕ್ಕಳಿಗೆ ಒಂದಿಷ್ಟು ಅಕ್ಷರವನ್ನೂ ಕಟ್ಟಿ ತರಲಿ ಎಂದು ಹಾರೈಸೋಣ.