ಮಗುವಿಗೆ ಜ್ವರ ಬಂದಾಗ ಉಣ್ಣಿಯ ಮಾತನ್ನೂ ಡಾಕ್ಟರಿಗೆ ಹೇಳಿ

ಆಕಳಿಗೆ ಉಣ್ಣಿ ಹತ್ತಿದರೆ ನಮಗೆ ಫೋನು ಬರುತ್ತದೆ. ಅಂಥದೇ ಒಂದು ಉಣ್ಣಿ ಮಗುವಿನ ಕಿವಿಯ ಹಿಂದೆ ಕಂಡರೆ ಕಿತ್ತು ಒಲೆಗೆ ಹಾಕಿ ಮರೆತುಬಿಡುತ್ತೇವೆ. ವಾರ ಹತ್ತು ದಿನ ಕಳೆದು ಜ್ವರ ಬಂದಾಗ ಆ ಉಣ್ಣಿ ಯಾರಿಗೂ ನೆನಪಿರುವುದಿಲ್ಲ.

ಉಣ್ಣಿ ಕಚ್ಚಿದರೆ ‘ಲೈಮ್ ಕಾಯಿಲೆ’ ಬರುತ್ತದೆ ಎಂಬ ಮಾತು ಈಗ ಮೊಬೈಲಿನಲ್ಲಿ ಹರಿದಾಡುತ್ತಿದೆ. ನಮ್ಮ ಮಕ್ಕಳಿಗೂ ಬರಬಹುದೇ, ಯಾರಿಗೆ ತೋರಿಸಬೇಕು ಎಂಬುದು ತಾಯಂದಿರ ಪ್ರಶ್ನೆ. ನಾನು ದನಗಳ ಡಾಕ್ಟರು. ಮಗುವಿಗೆ ಔಷಧ ಹೇಳುವವರು ಮಕ್ಕಳ ವೈದ್ಯರೇ. ಆದರೆ ಕೊಟ್ಟಿಗೆಯಿಂದ ಮನೆಯೊಳಗೆ ಬರುವ ಕಾಯಿಲೆಗಳ ಬಗ್ಗೆ ಹೇಳುವುದು ನನ್ನ ಕೆಲಸವೂ ಹೌದು.

ಲೈಮ್ ಎಂದರೇನು?

ಲೈಮ್ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಊರು. 1975ರ ಸುಮಾರಿಗೆ ಅಲ್ಲಿನ ಹಲವು ಮಕ್ಕಳಿಗೆ ಮೊಣಕಾಲು ಊದಿಕೊಂಡು ನೋವು ಶುರುವಾಯಿತು. ಪಾಲಿ ಮರ್ರೆ ಎಂಬ ತಾಯಿ ಯಾರಿಗೆ ಏನಾಯಿತು ಎಂದು ಬರೆದಿಟ್ಟುಕೊಂಡು ಆರೋಗ್ಯ ಇಲಾಖೆಯ ಬೆನ್ನು ಹತ್ತಿದರು. ಇನ್ನೊಬ್ಬ ತಾಯಿಯೂ ದೂರು ಕೊಟ್ಟರು. ವೈದ್ಯರು ಹುಡುಕುತ್ತ ಹೋದಾಗ ಇದು ಉಣ್ಣಿಯಿಂದ ಬರುವ ಕಾಯಿಲೆ ಎಂದು ತಿಳಿಯಿತು.

ಈ ಕಾಯಿಲೆಯಲ್ಲಿ ಉಣ್ಣಿ ಕಚ್ಚಿದ ಜಾಗದ ಸುತ್ತ ದಿನದಿಂದ ದಿನಕ್ಕೆ ಅಗಲವಾಗುವ ಕೆಂಪು ಕಲೆ ಏಳಬಹುದು. ಮುಂದೆ ಕೀಲು ನೋವು, ಮುಖದ ಒಂದು ಬದಿ ಸೋತುಹೋಗುವುದು ಉಂಟು. ನಾಗರಹೊಳೆ, ಬಂಡೀಪುರದ ಕಾಡಂಚಿನ ಕೆಲವರ ರಕ್ತದಲ್ಲಿ ಈ ರೋಗಾಣುವಿನ ಗುರುತು ಸಿಕ್ಕಿದೆ. ಆದರೂ ನಮ್ಮ ಕಡೆ ಇದು ಅಪರೂಪ. ಹಿರೇಕೆರೂರು, ಹಾನಗಲ್ಲ ಸೀಮೆಯಲ್ಲಿ ಮೊದಲು ನೋಡಬೇಕಾದ ಕಾಯಿಲೆಗಳು ಬೇರೆ ಇವೆ.

ನಮ್ಮಲ್ಲಿ ಮೊದಲು ಯೋಚಿಸಬೇಕಾದವು

*ಸ್ಕ್ರಬ್ ಟೈಫಸ್:* ಇದು ಉಣ್ಣಿಯಿಂದಲ್ಲ, ಹುಲ್ಲು ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿಯಿಂದ ಬರುತ್ತದೆ. ಮಳೆಗಾಲ ಮತ್ತು ಅದರ ನಂತರದ ತಿಂಗಳುಗಳಲ್ಲಿ ಹೆಚ್ಚು. ಕಚ್ಚಿದಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಆಗಬಹುದು. ನೋವು, ತುರಿಕೆ ಇರದ ಕಾರಣ ಮಗು ಹೇಳುವುದಿಲ್ಲ. ಬಗಲು, ತೊಡೆಸಂದಿ, ಕಿವಿಯ ಹಿಂದೆ, ಕೂದಲೊಳಗೆ ನೀವೇ ಹುಡುಕಬೇಕು. ಟೈಫಾಯ್ಡ್ ಎಂದುಕೊಂಡು ಸಾಮಾನ್ಯವಾಗಿ ಕೊಡುವ ಇಂಜೆಕ್ಷನ್‌ಗಳು ಇದಕ್ಕೆ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಬೇಕು. ಬೇಗ ಶುರುವಾದರೆ ಎರಡು ಮೂರು ದಿನಗಳಲ್ಲಿ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ಏರಿ ಜೀವಕ್ಕೇ ಕುತ್ತು.

*ಮಂಗನ ಕಾಯಿಲೆ:* 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಸೊರಬ ನಮಗೆ ದೂರದ್ದಲ್ಲ. ಆ ಕಡೆ ನೆಂಟರ ಮನೆಗೆ, ಕೂಲಿಗೆ ಹೋಗಿಬರುವವರು ನಮ್ಮಲ್ಲಿ ಅನೇಕರು. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಉಣ್ಣಿ ಕಚ್ಚಿದ 3ರಿಂದ 8 ದಿನಗಳಲ್ಲಿ ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ನೋವು, ಕಣ್ಣು ಕೆಂಪು. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮರಳಿ ಬಂದು ಕುತ್ತಿಗೆ ಬಿಗಿಯುವುದು, ಮಂಪರು ಕವಿಯುವುದೂ ಉಂಟು. ಈ ವೈರಸ್‌ಗೆಂದೇ ಔಷಧವಿಲ್ಲ. ಆಸ್ಪತ್ರೆಯ ಆರೈಕೆಯೇ ಜೀವ ಉಳಿಸುತ್ತದೆ.

*ಬ್ರುಸೆಲ್ಲಾ:* ಲೈಮಿನಂತೆ ಕೀಲು ನೋವು ತರುವ ಇದು ಹಸಿ ಹಾಲಿನಿಂದ, ಕಂದು ಹಾಕಿದ ಆಕಳು, ಎಮ್ಮೆ, ಆಡುಗಳ ಮಾಸಿನಿಂದ ಬರುತ್ತದೆ. ವಾರಗಟ್ಟಲೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಕುಂಟುವ ಮಗು. ವಿಜಯಪುರದ ವೈದ್ಯರು ಮಕ್ಕಳಲ್ಲಿ ಇದನ್ನು ಹಿಂದೆಯೇ ಕಂಡು ವರದಿ ಮಾಡಿದ್ದಾರೆ. ಚಿಕಿತ್ಸೆ ಉದ್ದ, ಸಾಮಾನ್ಯವಾಗಿ ಆರು ವಾರ. ಅರ್ಧಕ್ಕೆ ಬಿಟ್ಟರೆ ಮರುಕಳಿಸುತ್ತದೆ.

ಒಂದು ಸಮಾಧಾನ: ಉಣ್ಣಿಯಿಂದ ಆಕಳಿಗೆ ಬರುವ ಥೈಲೇರಿಯಾ ಜ್ವರ ಮನುಷ್ಯರಿಗೆ ಬರುವುದಿಲ್ಲ.

ಡಾಕ್ಟರಿಗೆ ಏನು ಹೇಳಬೇಕು?

ಈ ಜ್ವರಗಳೆಲ್ಲ ಮೊದಮೊದಲು ಒಂದೇ ಥರ ಕಾಣುತ್ತವೆ. ಯಾವ ರಕ್ತ ಪರೀಕ್ಷೆ ಮಾಡಿಸಬೇಕು ಎಂಬುದು ನೀವು ಹೇಳುವ ಮಾತಿನ ಮೇಲೆ ನಿಂತಿದೆ. ಗದ್ದಲದ ಆಸ್ಪತ್ರೆಯಲ್ಲಿ ಅವರು ಕೇಳದಿದ್ದರೂ ನೀವಾಗಿಯೇ ಹೇಳಿ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ಜ್ವರ ಯಾವ ದಿನ ಶುರುವಾಯಿತು, ನಡುವೆ ಬಿಟ್ಟಿತ್ತೇ?
2. ಉಣ್ಣಿ ಕಚ್ಚಿತ್ತೇ? ಯಾವ ದಿನ, ಮೈಯ ಯಾವ ಭಾಗಕ್ಕೆ?
3. ಮಗು ಹುಲ್ಲು, ಕಣಿಕೆ, ಬಣವಿ, ಅಡವಿಯ ಕಡೆ ಹೋಗಿತ್ತೇ? ಬೇರೆ ಊರಿಗೆ ಹೋಗಿತ್ತೇ?
4. ಹತ್ತಿರದಲ್ಲಿ ಮಂಗ ಸತ್ತಿತ್ತೇ?
5. ಹಸಿ ಹಾಲು ಕುಡಿದಿತ್ತೇ? ಮನೆಯ ದನ ಕಂದು ಹಾಕಿತ್ತೇ?
6. ಈಗಾಗಲೇ ಕೊಟ್ಟ ಗುಳಿಗೆ, ಇಂಜೆಕ್ಷನ್ ಯಾವುವು?

ಕಲೆ, ಹಕ್ಕಳೆ ಇದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಮಾಸಿಹೋದ ಮೇಲೆ ತೋರಿಸಲು ಏನೂ ಉಳಿಯುವುದಿಲ್ಲ.

ಎಲ್ಲಿಗೆ ಹೋಗಬೇಕು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆ. ಮೂರು ದಿನಕ್ಕೂ ಜ್ವರ ಇಳಿಯದಿದ್ದರೆ ‘ಸ್ಕ್ರಬ್ ಟೈಫಸ್ ನೋಡಬೇಕೇ ಸರ್?’ ಎಂದು ಕೇಳಲು ಸಂಕೋಚ ಬೇಡ. ಅಲ್ಲಿ ಆಗದಿದ್ದರೆ ಹಾವೇರಿ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗ, ಅದಕ್ಕೂ ಮೇಲೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಅಥವಾ ಶಿವಮೊಗ್ಗದ ಮೆಗ್ಗಾನ್. ಮಂಗನ ಕಾಯಿಲೆಯ ಪರೀಕ್ಷೆಗೆ ಶಿವಮೊಗ್ಗದಲ್ಲಿ ಸರ್ಕಾರದ ಪ್ರಯೋಗಾಲಯವಿದೆ. ನೀವು ಅಲ್ಲಿಗೆ ಓಡುವುದು ಬೇಡ, ರಕ್ತದ ಮಾದರಿಯನ್ನು ಆಸ್ಪತ್ರೆಯವರೇ ಕಳಿಸುತ್ತಾರೆ.

ಮಗು ಮಂಪರಿನಲ್ಲಿದ್ದರೆ, ಫಿಟ್ಸ್ ಬಂದರೆ, ಏದುಸಿರು ಬಿಡುತ್ತಿದ್ದರೆ, ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ನೀವಾಗಿ ಕೊಡಬೇಡಿ. ದನಕ್ಕೆ ತಂದು ಉಳಿದ ಟೆಟ್ರಾಸೈಕ್ಲಿನ್ ಇಂಜೆಕ್ಷನ್ ಒಂದೇ ಜಾತಿಯ ಔಷಧವೆಂದು ಮಗುವಿಗೆ ಎಂದೂ ಹಾಕಿಸಬೇಡಿ.

ಉಣ್ಣಿ ಕಚ್ಚಿದ್ದರೆ

ಸೀಮೆಎಣ್ಣೆ, ಸುಣ್ಣ, ಬೀಡಿಯ ಕಿಡಿ ಯಾವುದೂ ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು, ತಿರುವದೆ ನೇರವಾಗಿ ಎಳೆಯಿರಿ. ಉಗುರಿನಲ್ಲಿ ಒರೆಯಬೇಡಿ. ಸೋಪು ಹಚ್ಚಿ ತೊಳೆದು, ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ.

ಮೇವು ತಂದ ಸಂಜೆ ಮಕ್ಕಳಿಗೆ ಮೈ ತೊಳೆಸಿ, ಬಟ್ಟೆ ಬದಲಿಸಿ. ಹಾಲು ಕಾಯಿಸಿಯೇ ಕೊಡಿ. ಕೊಟ್ಟಿಗೆಯ ಗೋಡೆಬಿರುಕು ಮುಚ್ಚಿಸಿ. ದನಕ್ಕೆ ಉಣ್ಣಿ ಔಷಧವನ್ನು ನಮ್ಮನ್ನು ಕೇಳಿ ಹಾಕಿ. ಆ ಔಷಧ ಮಕ್ಕಳ ಮೈಗೆ, ತಲೆಗೆ ತಾಗದಿರಲಿ. ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯ ಬಗ್ಗೆ ಆಶಾ ಕಾರ್ಯಕರ್ತೆಯರನ್ನು ಕೇಳಿ. ಸತ್ತ ಮಂಗ ಕಂಡರೆ ಮುಟ್ಟದೆ ಅವರಿಗೇ ತಿಳಿಸಿ.

ಆಕಳು ಯಾವ ದಿನ ಬೆದೆಗೆ ಬಂತು, ಯಾವ ದಿನ ಇಂಜೆಕ್ಷನ್ ಆಯಿತು ಎಂದು ನೀವು ತಪ್ಪದೆ ಹೇಳುತ್ತೀರಿ. ಅದರಿಂದಲೇ ನಮ್ಮ ಕೆಲಸ ಅರ್ಧ ಮುಗಿಯುತ್ತದೆ. ಮಗುವಿನ ವಿಷಯದಲ್ಲೂ ಅದೇ ಲೆಕ್ಕ ಇಟ್ಟರೆ ಮಕ್ಕಳ ಡಾಕ್ಟರ ಕೆಲಸವೂ ಅಷ್ಟೇ ಹಗುರಾಗುತ್ತದೆ.