ಮಾತ್ರೆ ಅರ್ಧ, ಮನೆ ಅರ್ಧ

ಡಿಗ್ರಿ ಎರಡನೇ ವರ್ಷದಲ್ಲಿ ಓದುತ್ತಿದ್ದ ಹುಡುಗ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ. ಸಂಜೆಯಾದರೆ ಬ್ಯಾಟು ಹಿಡಿದು ಗೆಳೆಯರೊಂದಿಗೆ ಮೈದಾನಕ್ಕೆ ಓಡುತ್ತಿದ್ದ. ಒಂದು ಮಳೆಗಾಲದಲ್ಲಿ ಆಟಕ್ಕೆ ಹೋಗುವುದು ನಿಂತಿತು. ಆಮೇಲೆ ಕಾಲೇಜಿಗೆ ಹೋಗುವುದೂ ನಿಂತಿತು. ಕೋಣೆಯ ಬಾಗಿಲು ಹಾಕಿಕೊಂಡು ಕೂರತೊಡಗಿದ. ಸ್ನಾನ ಮಾಡು ಎಂದರೆ ಸಿಡುಕು. ರಾತ್ರಿಯೆಲ್ಲ ಎಚ್ಚರ, ಒಬ್ಬನೇ ಏನೋ ಗೊಣಗುವುದು, ಒಮ್ಮೊಮ್ಮೆ ನಗುವುದು. 'ಓದಿ ಓದಿ ತಲೆ ಕಾದಿದೆ' ಎಂದರು ಅಪ್ಪ. ಒಂದು ದಿನ ಊಟದ ತಟ್ಟೆಯನ್ನು ಅಮ್ಮನ ಕಡೆ ನೂಕಿ, 'ಇದಕ್ಕೆ ವಿಷ ಹಾಕಿದ್ದೀಯ. ಅವರು ನನಗೆ ಹೇಳಿದರು' ಎಂದ. ಯಾರು ಹೇಳಿದರು ಎಂದು ಕೇಳಿದರೆ ಗೋಡೆಯ ಕಡೆ ಕೈ ತೋರಿಸಿದ.

ಅಲ್ಲಿಂದ ಆ ಮನೆಯವರ ಓಡಾಟ ಶುರುವಾಯಿತು. ಯಾರೋ ಮಾಟ ಮಾಡಿಸಿದ್ದಾರೆ ಎಂದರು ನೆಂಟರು. ತಾಯಿತ ಕಟ್ಟಿಸಿದ್ದಾಯಿತು, ನಿಂಬೆಹಣ್ಣು ನಿವಾಳಿಸಿದ್ದಾಯಿತು, ದೂರದ ಕ್ಷೇತ್ರಕ್ಕೆ ಹರಕೆ ಸಲ್ಲಿಸಿದ್ದೂ ಆಯಿತು. 'ಒಂದು ಮದುವೆ ಮಾಡಿ, ಎಲ್ಲ ತಾನಾಗಿ ಸರಿಹೋಗುತ್ತದೆ' ಎಂದು ಬುದ್ಧಿ ಹೇಳಿದವರೂ ಉಂಟು. ಕೊನೆಗೆ ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಕೈಯಲ್ಲಿದ್ದ ಕಾಸೂ ಕರಗಿತ್ತು.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಊರು, ಜಾತಿ, ಅಂತಸ್ತು ಬದಲಿಸಿದರೆ ನಾಡಿನ ಎಷ್ಟೋ ಮನೆಗಳಿಗೆ ಹೊಂದುವ ಕಥೆ. ಮನೋವೈದ್ಯರು ಈ ರೋಗಕ್ಕೆ ಕೊಡುವ ಹೆಸರು ಸ್ಕಿಜೋಫ್ರೀನಿಯಾ. ಕನ್ನಡದಲ್ಲಿ ಇಚ್ಛಿತ್ತ ವಿಕಲತೆ, ಛಿದ್ರಮನಸ್ಕತೆ ಎಂಬ ಪದಗಳೂ ಬಳಕೆಯಲ್ಲಿವೆ.

ಏನಿದು ರೋಗ?

ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲೂಲರ್ 1908ರಲ್ಲಿ ಈ ಹೆಸರನ್ನು ಬಳಕೆಗೆ ತಂದ. ಗ್ರೀಕ್ ಭಾಷೆಯ 'ಸೀಳು' ಮತ್ತು 'ಮನಸ್ಸು' ಎಂಬ ಎರಡು ಪದಗಳಿಂದ ಅದನ್ನು ಕಟ್ಟಿದ. ಈ ಹೆಸರಿನಿಂದಾಗಿಯೇ ಒಂದು ತಪ್ಪು ತಿಳಿವಳಿಕೆ ಹುಟ್ಟಿಕೊಂಡಿತು. ಸಿನಿಮಾಗಳಲ್ಲಿ ತೋರಿಸುವಂತೆ ಒಬ್ಬನೊಳಗೆ ಇಬ್ಬರು ವ್ಯಕ್ತಿಗಳು ಇರುವುದು ಈ ರೋಗವಲ್ಲ. ಯೋಚನೆ, ಭಾವನೆ, ನಡವಳಿಕೆಗಳ ನಡುವೆ ಇರಬೇಕಾದ ಹೊಂದಾಣಿಕೆ ಕಳಚಿಹೋಗುವುದನ್ನು ಬ್ಲೂಲರ್ 'ಸೀಳು' ಎಂದು ಕರೆದ.

ರೋಗಿಗೆ ಯಾರೂ ಇಲ್ಲದಿದ್ದರೂ ದನಿಗಳು ಕೇಳಿಸುತ್ತವೆ. ಅವು ಬೈಯುತ್ತವೆ, ಅಣಕಿಸುತ್ತವೆ, ಅಪ್ಪಣೆ ಕೊಡುತ್ತವೆ. ನೆರೆಮನೆಯವರು ಸಂಚು ಹೂಡಿದ್ದಾರೆ, ತನ್ನ ಯೋಚನೆಗಳು ಎಲ್ಲರಿಗೂ ಗೊತ್ತಾಗುತ್ತಿವೆ, ಟಿ.ವಿ.ಯಲ್ಲಿ ತನ್ನ ವಿಷಯವನ್ನೇ ಹೇಳುತ್ತಿದ್ದಾರೆ ಎಂಬ ನಂಬಿಕೆಗಳು ಬೇರೂರುತ್ತವೆ. ಎಷ್ಟು ವಾದ ಮಾಡಿದರೂ ಅವು ಅಲುಗಾಡುವುದಿಲ್ಲ. ಮಾತು ಒಂದಕ್ಕೊಂದು ಸಂಬಂಧವಿಲ್ಲದೆ ಹರಿದುಹೋಗುತ್ತದೆ.

ಇವು ಎದ್ದು ಕಾಣುವ ಲಕ್ಷಣಗಳು. ಎದ್ದು ಕಾಣದವು ಇನ್ನೊಂದು ಬಗೆ. ಮುಖದಲ್ಲಿ ಭಾವನೆ ಬತ್ತುವುದು, ಮಾತು ಕಡಿಮೆಯಾಗುವುದು, ಯಾವುದರಲ್ಲೂ ಉತ್ಸಾಹವಿಲ್ಲದಿರುವುದು, ಮೈಮೇಲಿನ ಬಟ್ಟೆಯ ಗಮನವೂ ಇಲ್ಲದಿರುವುದು. ಮನೆಯವರು ಇದನ್ನೇ 'ಸೋಮಾರಿತನ', 'ಕೊಬ್ಬು' ಎಂದು ಬಗೆಯುತ್ತಾರೆ. ವಾಸ್ತವವಾಗಿ ಇದು ಜ್ವರದಲ್ಲಿ ಮೈ ಬಿಸಿಯಾದಷ್ಟೇ ಸಹಜವಾದ ರೋಗಲಕ್ಷಣ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 2 ಕೋಟಿ 40 ಲಕ್ಷ ಜನ, ಎಂದರೆ ಮುನ್ನೂರರಲ್ಲಿ ಒಬ್ಬರು, ಈ ರೋಗದಿಂದ ನರಳುತ್ತಿದ್ದಾರೆ. ಗಂಡಸರಲ್ಲಿ ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಇಪ್ಪತ್ತೈದರ ಆಸುಪಾಸಿನಲ್ಲಿ ಕಾಣಿಸಿಕೊಂಡರೆ, ಹೆಂಗಸರಲ್ಲಿ ಕೆಲವು ವರ್ಷ ತಡ. ಓದು ಮುಗಿಸಿ ಕೆಲಸ ಹಿಡಿಯಬೇಕಾದ ವಯಸ್ಸಿನಲ್ಲೇ ಈ ಪೆಟ್ಟು ಬೀಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ಈ ಬಗೆಯ ತೀವ್ರ ಮನೋರೋಗಿಗಳಲ್ಲಿ ಮುಕ್ಕಾಲು ಪಾಲಿನಷ್ಟು ಜನ ಚಿಕಿತ್ಸೆಯಿಲ್ಲದೆ ಉಳಿದಿದ್ದಾರೆಂದು ತೋರಿಸಿತು.

ಯಾರ ತಪ್ಪು?

ರೋಗ ಪತ್ತೆಯಾದ ದಿನ ತಾಯಿ ಕೇಳುವ ಮೊದಲ ಪ್ರಶ್ನೆ: 'ನಾನು ಎಲ್ಲಿ ತಪ್ಪಿದೆ?' ಒಂದು ಕಾಲದಲ್ಲಿ ವಿಜ್ಞಾನವೇ ಆಕೆಯತ್ತ ಬೆರಳು ತೋರಿಸಿತ್ತು. ತಾಯಿ ಮಗುವನ್ನು ಬೆಳೆಸಿದ ರೀತಿಯೇ ಇದಕ್ಕೆ ಕಾರಣ ಎಂಬ ವಾದ 1940ರ ದಶಕದ ಅಮೆರಿಕದಲ್ಲಿ ತಲೆಯೆತ್ತಿ ಕೆಲವು ದಶಕ ನಡೆಯಿತು. ಮುಂದಿನ ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ಅಷ್ಟರೊಳಗೆ ಎಷ್ಟೋ ತಾಯಂದಿರು ಕಣ್ಣೀರಿಟ್ಟಿದ್ದರು.

ಈ ರೋಗಕ್ಕೆ ಒಂದೇ ಕಾರಣವಿಲ್ಲ. ಅನುವಂಶೀಯತೆಯ ಪಾತ್ರ ದೊಡ್ಡದು. ತಂದೆ ಅಥವಾ ತಾಯಿಗೆ ರೋಗವಿದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಹತ್ತರ ಸುಮಾರು. ಎಂದರೆ ತೊಂಬತ್ತು ಮಕ್ಕಳಿಗೆ ಬಾರದು ಎಂದೇ ಅರ್ಥ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಸುಮಾರು ಅರ್ಧದಷ್ಟು. ರಕ್ತವೇ ಎಲ್ಲವೂ ಆಗಿದ್ದರೆ ಅದು ನೂರಕ್ಕೆ ನೂರು ಇರಬೇಕಿತ್ತಲ್ಲವೆ? ಗರ್ಭದಲ್ಲಿದ್ದಾಗಿನ ಅಥವಾ ಹೆರಿಗೆಯ ಕಾಲದ ತೊಂದರೆಗಳು, ನಗರದ ಒತ್ತಡದ ಬದುಕು, ಹರೆಯದಲ್ಲಿ ಹತ್ತಿದ ಗಾಂಜಾ ಚಟ ಇವೂ ಅಪಾಯವನ್ನು ಹೆಚ್ಚಿಸುತ್ತವೆ. ಗಾಂಜಾ 'ಗಿಡಮೂಲಿಕೆ, ಏನೂ ಆಗದು' ಎನ್ನುವ ಕಾಲೇಜು ಹುಡುಗರು ಈ ಮಾತನ್ನು ಗಮನಿಸಬೇಕು.

ಮಿದುಳಿನ ನರಕೋಶಗಳು ಡೋಪಮಿನ್ ಮೊದಲಾದ ರಾಸಾಯನಿಕಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಈ ರೋಗದಲ್ಲಿ ಮಿದುಳಿನ ಕೆಲವು ಭಾಗಗಳಲ್ಲಿ ಡೋಪಮಿನ್‌ನ ಏರುಪೇರು ಕಂಡುಬಂದಿದೆ. ಮುಖ್ಯವಲ್ಲದ ಸಂಗತಿಗೂ ಅದು 'ಇದು ಮುಖ್ಯ' ಎಂಬ ಮೊಹರು ಒತ್ತಿಬಿಡುತ್ತದೆ. ದಾರಿಹೋಕನ ಕೆಮ್ಮೂ ತನಗೆ ಕೊಟ್ಟ ಸನ್ನೆಯಂತೆ ಕಾಣುವುದು ಹೀಗೆ. ಪೂರ್ವಜನ್ಮದ ಪಾಪ, ದೆವ್ವ, ಮಾಟಗಳಿಗೆ ಇಲ್ಲಿ ಎಡೆಯಿಲ್ಲ.

ಔಷಧ ಮಾಡುವ ಕೆಲಸ

1952ಕ್ಕೆ ಮೊದಲು ಈ ರೋಗಿಗಳ ಪಾಲಿಗೆ ಇದ್ದದ್ದು ಎತ್ತರದ ಗೋಡೆಯ ಆಸ್ಪತ್ರೆಗಳು ಮಾತ್ರ ಎನ್ನಬಹುದು. ಆ ವರ್ಷ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. ವರ್ಷಗಟ್ಟಲೆ ಕೂಗಾಡುತ್ತಿದ್ದವರು ಶಾಂತರಾದರು, ದನಿಗಳು ಹಿಂದೆ ಸರಿದವು. ನಮ್ಮ ಸರ್ಪಗಂಧದ ಬೇರಿಗೂ ಈ ಚರಿತ್ರೆಯಲ್ಲಿ ಒಂದು ಪುಟವಿದೆ. ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲೇ ಅದರ ಗುಣವನ್ನು ಬರೆದಿಟ್ಟಿದ್ದರು. ಅದರಿಂದ ಬೇರ್ಪಡಿಸಿದ ರೆಸರ್ಪಿನ್ 1950ರ ದಶಕದಲ್ಲಿ ಕೆಲಕಾಲ ಬಳಕೆಯಲ್ಲಿದ್ದು, ಅಡ್ಡಪರಿಣಾಮಗಳ ಕಾರಣ ಹಿಂದೆ ಸರಿಯಿತು.

ಇಂದು ಹತ್ತಾರು ಔಷಧಗಳಿವೆ. 'ಇವು ನಿದ್ರೆಮಾತ್ರೆ, ಚಟವಾಗುತ್ತದೆ' ಎಂಬುದು ನಿಜವಲ್ಲ. ಗಾಬರಿ, ರೊಚ್ಚು ಕೆಲವೇ ದಿನಗಳಲ್ಲಿ ತಗ್ಗಬಹುದು. ದನಿಗಳು, ಸಂಶಯಗಳು ತಗ್ಗಲು ವಾರಗಳು ಬೇಕು. ಸಾಮಾನ್ಯ ಔಷಧಗಳಿಗೆ ಬಗ್ಗದ ರೋಗಕ್ಕೆ ಕ್ಲೋಜಪಿನ್ ಇದೆ. ಅದು ಅಪರೂಪಕ್ಕೆ ರಕ್ತದ ಬಿಳಿಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುವುದರಿಂದ ಆರಂಭದಲ್ಲಿ ವಾರ ವಾರವೂ ರಕ್ತಪರೀಕ್ಷೆ ಕಡ್ಡಾಯ. ಕೈ ನಡುಕ, ತೂಕ ಹೆಚ್ಚಳ, ಸಕ್ಕರೆ ಕಾಯಿಲೆಯಂಥ ಅಡ್ಡಪರಿಣಾಮಗಳೂ ಉಂಟು. ಅವನ್ನು ವೈದ್ಯರಿಗೆ ಹೇಳಿ ಔಷಧವನ್ನೋ ಪ್ರಮಾಣವನ್ನೋ ಬದಲಿಸಿಕೊಳ್ಳಬೇಕೇ ಹೊರತು ತಾವೇ ನಿಲ್ಲಿಸಬಾರದು.

ರೋಗ ಮರುಕಳಿಸುವ ಬಹುಪಾಲು ಪ್ರಸಂಗಗಳ ಹಿಂದೆ 'ಈಗ ಚೆನ್ನಾಗಿದ್ದಾನಲ್ಲ, ಇನ್ನು ಮಾತ್ರೆ ಯಾಕೆ?' ಎಂಬ ಮಾತಿದೆ. ಚೆನ್ನಾಗಿರುವುದು ಮಾತ್ರೆಯಿಂದಲೇ ಎಂಬುದು ಮರೆತುಹೋಗುತ್ತದೆ. ಮೊದಲ ಸಲದ ಕಾಯಿಲೆಗೆ ಒಂದೆರಡು ವರ್ಷವಾದರೂ, ಮರುಕಳಿಸಿದವರಿಗೆ ಅದಕ್ಕಿಂತ ಬಹಳ ಹೆಚ್ಚು ಕಾಲ ಔಷಧ ಬೇಕು. ತನಗೆ ರೋಗವಿದೆ ಎಂಬ ಅರಿವನ್ನೇ ಈ ರೋಗ ಕಸಿದುಕೊಳ್ಳುವುದರಿಂದ ರೋಗಿ ಮಾತ್ರೆ ಬೇಡವೆನ್ನುವುದು ಸಹಜ. ಆಗ ಕೆಲವರು ಸಾರಿನಲ್ಲೋ ಕಾಫಿಯಲ್ಲೋ ಗುಟ್ಟಾಗಿ ಬೆರೆಸುತ್ತಾರೆ. 'ಊಟದಲ್ಲಿ ಏನೋ ಹಾಕುತ್ತಾರೆ' ಎಂದು ಶಂಕಿಸುವ ರೋಗಿಗೆ ಅದು ಗೊತ್ತಾದ ದಿನ ಉಳಿದ ನಂಬಿಕೆಯೂ ಮುರಿಯುತ್ತದೆ. ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಚುಚ್ಚುಮದ್ದುಗಳಿವೆ. ರೋಗಿಯೊಂದಿಗೂ ವೈದ್ಯರೊಂದಿಗೂ ಮಾತಾಡಿ ಆ ದಾರಿ ಹಿಡಿಯುವುದು ಮೇಲು.

ಮನೆಯ ಮಾತೂ ಮದ್ದು

ಒಂದೇ ಔಷಧ ತೆಗೆದುಕೊಂಡ ಇಬ್ಬರಲ್ಲಿ ಒಬ್ಬ ಚೇತರಿಸಿಕೊಳ್ಳುತ್ತಾನೆ, ಇನ್ನೊಬ್ಬ ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಾನೆ. ಇದೇಕೆ? ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದರು. ಉತ್ತರದ ಒಂದು ಭಾಗ ಮನೆಯಲ್ಲಿ ಸಿಕ್ಕಿತು. ಸದಾ ಟೀಕೆ, ಹಗೆತನದ ಮಾತು, ಇಲ್ಲವೇ ಉಸಿರಾಡಲೂ ಬಿಡದಂಥ ಅತಿ ಕಾಳಜಿ ಇರುವ ಮನೆಗಳಲ್ಲಿ ರೋಗ ಬೇಗ ಮರುಕಳಿಸುತ್ತಿತ್ತು. 1976ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಮನೆಗಳಿಗೆ ಮರಳಿದವರಲ್ಲಿ ಅರ್ಧದಷ್ಟು ಜನ ಒಂಬತ್ತು ತಿಂಗಳಲ್ಲಿ ಮತ್ತೆ ಹದಗೆಟ್ಟರು. ಶಾಂತ ವಾತಾವರಣದ ಮನೆಗಳಲ್ಲಿ ಹಾಗಾದದ್ದು ಎಂಟರಲ್ಲಿ ಒಬ್ಬರಿಗೆ ಮಾತ್ರ.

ಮನೆಯವರು ರೋಗಕ್ಕೆ ಕಾರಣ ಎಂದು ಇದರ ಅರ್ಥವಲ್ಲ. ರೋಗ ಬಂದ ಮೇಲೆ ಅದನ್ನು ತಡೆದು ಹಿಡಿಯುವ ಶಕ್ತಿ ಅವರ ಕೈಯಲ್ಲೂ ಇದೆ ಎಂದು ಅರ್ಥ. ಇದೇ ಅಳತೆಗೋಲು ಚಂಡೀಗಢಕ್ಕೆ ಬಂದಾಗ, ಟೀಕೆ-ಹಗೆತನದ ಮನೆಗಳು ಲಂಡನ್ನಿಗಿಂತ ಬಹಳ ಕಡಿಮೆ ಇದ್ದದ್ದು ಕಂಡುಬಂತು.

ಭಾರತದ ವೈದ್ಯರು ಕುಟುಂಬದ ಈ ಬಲವನ್ನು ಮೊದಲೇ ಗುರುತಿಸಿದ್ದರು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ಆವರಣದಲ್ಲೇ ಡೇರೆಗಳನ್ನು ಹಾಕಿಸಿ ರೋಗಿಗಳ ಜತೆ ಮನೆಯವರನ್ನೂ ಉಳಿಸಿಕೊಂಡರು. ರೋಗ ಏನೆಂದು ಅವರಿಗೆ ತಿಳಿಹೇಳಿದರು. ವೆಲ್ಲೂರು, ಬೆಂಗಳೂರುಗಳಲ್ಲೂ ಕುಟುಂಬವನ್ನು ಜತೆಗಿರಿಸಿಕೊಳ್ಳುವ ಪದ್ಧತಿ ಬೆಳೆಯಿತು.

ಹಾಗಾದರೆ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು? 'ಯಾವ ದನಿಯೂ ಇಲ್ಲ, ಸುಮ್ಮನಿರು' ಎಂದು ಗದರಿಸಿ ಫಲವಿಲ್ಲ. ಹೌದೆಂದು ತಲೆಯಾಡಿಸುವುದೂ ಸರಿಯಲ್ಲ. 'ನನಗೆ ಕೇಳಿಸುತ್ತಿಲ್ಲ, ಆದರೆ ನಿನಗೆ ಕೇಳಿಸಿ ಹೆದರಿಕೆಯಾಗಿದೆ ಎಂದು ಗೊತ್ತು' ಎನ್ನಬಹುದು. ಮಾತು ಚಿಕ್ಕದಾಗಿರಲಿ, ಒಮ್ಮೆಗೆ ಒಂದೇ ವಿಷಯವಿರಲಿ. ಅಣ್ಣತಮ್ಮಂದಿರೊಂದಿಗೆ ಹೋಲಿಕೆ ಬೇಡ. ಹಾಸಿಗೆ ಮಡಿಸುವುದು, ಗಿಡಕ್ಕೆ ನೀರು ಹಾಕುವುದು, ಅಂಗಡಿಯಿಂದ ಹಾಲು ತರುವುದು ಇಂಥ ಸಣ್ಣ ಕೆಲಸದಿಂದ ಶುರುಮಾಡಿ, ಮಾಡಿದಷ್ಟಕ್ಕೆ ಮೆಚ್ಚುಗೆ ಇರಲಿ.

ತೀರ್ಥಹಳ್ಳಿಯ ಪಾಠ

ಕಾಯಿಲೆ ಹಳತಾಯಿತು, ಇನ್ನೇನು ಪ್ರಯೋಜನ ಎನ್ನುವವರಿಗೆ ಉತ್ತರ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿದೆ. ನಿಮ್ಹಾನ್ಸ್ ವೈದ್ಯರು 2005ರಲ್ಲಿ ಆ ತಾಲ್ಲೂಕಿನ ಹಳ್ಳಿಗಳಲ್ಲಿದ್ದ ಸ್ಕಿಜೋಫ್ರೀನಿಯಾ ರೋಗಿಗಳನ್ನು ಆರೋಗ್ಯ ಕಾರ್ಯಕರ್ತರ ನೆರವಿನಿಂದ ಗುರುತಿಸಿ, ಊರಿನ ಹತ್ತಿರವೇ ಚಿಕಿತ್ಸೆ ಕೊಡುವ ಕೆಲಸ ಆರಂಭಿಸಿದರು. ಅವರಲ್ಲಿ ವರ್ಷಗಟ್ಟಲೆ ಔಷಧವನ್ನೇ ಕಾಣದವರಿದ್ದರು. ಚಿಕಿತ್ಸೆಯಲ್ಲಿ ಉಳಿದವರ ದುಡಿಯುವ, ಬೆರೆಯುವ, ತಮ್ಮನ್ನು ನೋಡಿಕೊಳ್ಳುವ ಸಾಮರ್ಥ್ಯ ಒಂದು ವರ್ಷದಲ್ಲೇ ಸುಧಾರಿಸಿತು. ಔಷಧ ತೆಗೆದುಕೊಳ್ಳದವರಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ಬೇಗ ಬಂದರೆ ಒಳ್ಳೆಯದು, ತಡವಾಗಿ ಬಂದರೂ ವ್ಯರ್ಥವಲ್ಲ.

ಹಳ್ಳಿಯಲ್ಲೇ ಚಿಕಿತ್ಸೆ ಎಂಬ ಯೋಚನೆ ಕನ್ನಡನಾಡಿಗೆ ಹೊಸದಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

'ನಮ್ಮ ಕಾಲದ ನಂತರ?'

ವಯಸ್ಸಾದ ತಂದೆತಾಯಿಯರನ್ನು ಕಾಡುವ ಪ್ರಶ್ನೆ ಇದು. ದಣಿದ ಕುಟುಂಬಕ್ಕೆ ಹೊರಗಿನ ಆಸರೆ ಬೇಕು. ಮಂಗಳೂರಿನಲ್ಲಿ 1923ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಮನೋವೈದ್ಯಶಾಸ್ತ್ರ ಕಲಿತು, ದೇಶದ ಮೊದಲ ಮನೋವೈದ್ಯೆ ಎನಿಸಿಕೊಂಡ ಡಾ. ಶಾರದಾ ಮೆನನ್ ಇದನ್ನು ಅರಿತಿದ್ದರು. 1984ರಲ್ಲಿ ಚೆನ್ನೈಯಲ್ಲಿ ಅವರು ಸ್ಥಾಪಿಸಿದ 'ಸ್ಕಾರ್ಫ್' ಸಂಸ್ಥೆ ಔಷಧದ ಜತೆಗೆ ಕೆಲಸದ ತರಬೇತಿ, ಹಗಲು ಆರೈಕೆ, ಕುಟುಂಬಕ್ಕೆ ಸಲಹೆಗಳನ್ನೂ ಜೋಡಿಸಿತು.

ಆಸರೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿನ ಒಂದು ಆಶ್ರಯ ಶಿಬಿರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಂಧಿತರಾಗಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರ ಸಂಖ್ಯೆ 28ಕ್ಕೆ ಏರಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಸಾರಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಶೇ. 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಪಡೆದವರು ಸವಲತ್ತುಗಳಿಗೆ ಅರ್ಹರು. ಇದು ಗೊತ್ತಿರುವ ಮನೆಗಳು ಕಡಿಮೆ.

ಮಗನೋ ಮಗಳೋ ವಾರಗಟ್ಟಲೆ ಎಲ್ಲರಿಂದ ದೂರವಾಗಿ ಕುಳಿತರೆ, ನಿದ್ರೆಗೆಟ್ಟು ಒಬ್ಬಂಟಿಯಾಗಿ ಮಾತಾಡತೊಡಗಿದರೆ, ಕಾರಣವಿಲ್ಲದೆ ಮನೆಯವರನ್ನೇ ಶಂಕಿಸಿದರೆ ಕಾಯುತ್ತ ಕೂರಬಾರದು. ಸಾಯುವ ಮಾತಾಡಿದರೆ ಒಂದು ದಿನವೂ ತಡಮಾಡಬಾರದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. 2022ರಲ್ಲಿ ಶುರುವಾದ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ದೇವರಿಗೆ ಹರಕೆ ಹೊತ್ತವರು ಹೊರಲಿ, ಆದರೆ ಆಸ್ಪತ್ರೆಯ ಚೀಟಿಯೂ ಜತೆಗಿರಲಿ.

ಮೂವರು ರೋಗಿಗಳಲ್ಲಿ ಒಬ್ಬರಾದರೂ ಪೂರ್ತಿ ಚೇತರಿಸಿಕೊಳ್ಳುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದವರಲ್ಲೂ ಅನೇಕರು ಕಾಯಿಲೆಯೊಂದಿಗೆ ಹೊಂದಿಕೊಂಡು ಬದುಕು ಕಟ್ಟಿಕೊಳ್ಳಬಲ್ಲರು. ಆ ಹುಡುಗನಂಥವರು ಡಿಗ್ರಿ ಮುಗಿಸದಿರಬಹುದು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು, ಹಗಲು ಅಂಗಡಿಯಲ್ಲಿ ಲೆಕ್ಕ ಬರೆದು, ರಾತ್ರಿ ಊಟದ ಮೇಲೆ ಮಾತ್ರೆ ನುಂಗಿ ಮಲಗಬಹುದು. ದನಿಗಳು ಯಾವಾಗಲೋ ಒಮ್ಮೆ ಕೇಳಿಸಿದರೂ ಅದು ರೋಗದ ಮಾತು ಎಂದು ಅವನಿಗೆ ತಿಳಿದಿರುತ್ತದೆ. ತಟ್ಟೆಗೆ ಅನ್ನ ಬಡಿಸುವ ಅಮ್ಮನ ಕೈಯನ್ನು ಅವನು ಮತ್ತೆ ನಂಬಿರುತ್ತಾನೆ.